ಅಲ್ ಕೂಜ್‌ನಲ್ಲಿ ಬರೆದ ಪಟ್ಟಿ

ಕಳೆದ ಭಾನುವಾರ ಹಮೀದ್ ಫೋನ್ ಮಾಡಿದ. ಎರಡು ವರ್ಷದಲ್ಲಿ ಇದೇ ಮೊದಲು. ನಿನ್ನದೊಂದು ಕಟ್ಟು ಉಂಟು, ಬಂದು ತಕ್ಕೊಂಡು ಹೋಗು ಎಂದ. ಹೇಗಿದ್ದೀ ಎಂದು ಅವನೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಮುಹೈಸ್ನಾದ ಲೇಬರ್ ಕ್ಯಾಂಪಿನಿಂದ ಎರಡು ಬಸ್ಸು ಬದಲಿಸಿ ಅಲ್ ಕೂಜ್‌ಗೆ ಹೋದೆ. ಕಟ್ಟಡದ ಬಾಗಿಲಲ್ಲಿ ನಿಂತು ಬಂದಿದ್ದೇನೆ ಎಂದು ತಿಳಿಸಿದರೆ, ಒಲೆಯ ಮೇಲೆ ಬಾಣಲೆ ಉಂಟು, ಕೆಳಗೇ ನಿಲ್ಲು, ಇಳಿದು ಬರ್ತೇನೆ ಎಂದ. ಹನ್ನೊಂದು ವರ್ಷ ನಾನು ಮಲಗಿ ಎದ್ದ ಕೋಣೆಗೆ ಈಗ ನನಗೆ ಮೆಟ್ಟಿಲು ಹತ್ತುವ ಅಪ್ಪಣೆ ಇಲ್ಲ.

ಬಾಣಲೆಯಲ್ಲಿ ಏನಿದೆ ಎಂದು ಕೇಳಬೇಕಾಗಿರಲಿಲ್ಲ. ಒಣ ನಂಗು ಹುರಿಯುವ ವಾಸನೆ ಎರಡು ಮಹಡಿ ಇಳಿದು ಬಂದು ನನ್ನ ಕುತ್ತಿಗೆ ಪಟ್ಟಿ ಹಿಡಿಯಿತು. ಹಮೀದ್‌ನ ಉಮ್ಮ ಉಪ್ಪು ಹಾಕಿ ಅಂಗಳದಲ್ಲಿ ಒಣಗಿಸಿ ಕಳಿಸುವ ಮೀನು ಅದು. ನಾನು ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ಎರಡು ವರ್ಷದ ಹಿಂದಿನ ಆ ಚುನಾವಣೆಯ ದಿನಗಳು, ನವೆಂಬರಿನ ಮಂಜಿನಿಂದ ಏಪ್ರಿಲಿನ ನೆರೆಯವರೆಗೆ, ಒಂದೊಂದೇ ಎದ್ದು ಬಂದವು.

ಹಮೀದ್ ಮತ್ತು ನಾನು ಒಂದೇ ಊರಿನವರು, ಒಂದೇ ಶಾಲೆಯವರು, ಇಲ್ಲಿ ಗಲ್ಫಿನಲ್ಲಿ ಒಂದೇ ಟೈಲ್ಸ್ ಕಂಪನಿಯವರು. ಅವನು ಲಾರಿ ಡ್ರೈವರ್, ನಾನು ಗೋದಾಮಿನ ಸ್ಟೋರ್‌ಕೀಪರ್. ಉಡುಪಿಯ ಕಡೆ ಕಡಲಿಗೆ ಕೂಗಳತೆಯಲ್ಲಿರುವ ನಮ್ಮ ಊರಿನಲ್ಲಿ ಅವನ ಮನೆಗೂ ನಮ್ಮ ಮನೆಗೂ ನಡುವೆ ಒಂದು ತೋಡು, ಅದರ ಮೇಲೆ ಒಂದು ಕಲ್ಲು ಹಾಸು. ಅವರು ಮನೆಯಲ್ಲಿ ಬ್ಯಾರಿ ಭಾಷೆ ಆಡುತ್ತಾರೆ, ನಾವು ತುಳು. ಅವನ ತಾಯಿಯನ್ನು ನಾನೂ ಉಮ್ಮ ಎಂದೇ ಕರೆದದ್ದು, ನನಗೆ ಮಾತು ಬಂದಾಗಿನಿಂದ.

ಇನ್ನು ಅಜ್ಜನ ಕಥೆ ಹೇಳದೆ ಮುಂದೆ ಹೋಗುವ ಹಾಗಿಲ್ಲ. ನನ್ನ ಅಜ್ಜ ಊರಿನ ಧಣಿಗಳಾದ ಗುತ್ತಿನ ಮನೆಯ ಒಕ್ಕಲು. ವರ್ಷಕ್ಕಿಷ್ಟು ಮುಡಿ ಅಕ್ಕಿ ಗೇಣಿ ಅಳೆದು, ಅಂಗಳದ ಕೆಳಗೆ ನಿಂತು ಮಾತಾಡಿ ಬರುವ ಜನ ನಾವು. ಉಳುವವನಿಗೇ ಭೂಮಿ ಎಂಬ ಕಾನೂನು ಬಂತಲ್ಲ, ಆಗ ಊರಿಗೆ ಊರೇ ಡಿಕ್ಲರೇಶನ್ ಹಾಕಲು ಹೆದರಿ ಕುಳಿತಿತ್ತು. ಧಣಿಗಳ ವಿರುದ್ಧ ಕಾಗದ ಕೊಡುವುದೆಂದರೆ ಸಣ್ಣ ಮಾತಲ್ಲ. ಅಜ್ಜನನ್ನು ಒಣಮೀನಿನ ಗಾಡಿಯಲ್ಲಿ, ಗೋಣಿಗಳ ನಡುವೆ ಕೂರಿಸಿಕೊಂಡು ತಾಲೂಕು ಕಚೇರಿಗೆ ಮುಟ್ಟಿಸಿದವರು ಹಮೀದ್‌ನ ಅಜ್ಜ ಮೋನು ಬ್ಯಾರಿ. ಕಚೇರಿಯ ಗುಮಾಸ್ತ ಮೂಗು ಮುಚ್ಚಿಕೊಂಡೇ ಕಾಗದ ತೆಗೆದುಕೊಂಡ ಎಂದು ಅಜ್ಜ ಸಾಯುವವರೆಗೂ ಹೇಳಿ ನಗುತ್ತಿದ್ದ. ಭೂಮಿ ಸಿಕ್ಕಿತು. ಕಾನೂನು ತಂದ ಪಕ್ಷ ಅಂದಿನಿಂದ ಅಜ್ಜನ ಪಕ್ಷವಾಯಿತು, ಅಜ್ಜ ಅದರ ಬೂತ್ ಏಜೆಂಟನಾದ.

ಏಜೆಂಟನೆಂದರೆ ಬಾವುಟ ಹಿಡಿಯುವವನಲ್ಲ. ಮತಗಟ್ಟೆಯ ಒಳಗೆ ಬೆಂಚಿನ ಮೇಲೆ ಕುಳಿತು, ಬಂದವರು ಇಂಥವರೇ ಹೌದು ಎಂದು ಗುರುತು ಹೇಳುವವನು. ಅಜ್ಜನಿಗೆ ಓದು ತಡವರಿಸುತ್ತಿತ್ತು. ಅದಕ್ಕೇ ಚುನಾವಣೆಗೆ ವಾರವಿರುವಾಗ ಜಗಲಿಯಲ್ಲಿ ಮತದಾರರ ಪಟ್ಟಿ ಹರಡಿಕೊಂಡು, ಒಂದು ತುದಿ ಕೆಂಪು ಇನ್ನೊಂದು ತುದಿ ನೀಲಿ ಇರುವ ಪೆನ್ಸಿಲಿನಲ್ಲಿ ಮನೆ ಮನೆಗೆ ಗೆರೆ ಎಳೆಯುತ್ತಿದ್ದ. ಕೆಂಪು ನಮ್ಮದು, ನೀಲಿ ಆಚೆಯದು, ಸೊನ್ನೆ ಹಾಕಿದರೆ ಹೋಗಿ ಕರೆದು ತರಬೇಕಾದವರು. ಹೆಸರು ಓದಿ ಹೇಳುವ ಕೆಲಸ ನನ್ನದು. ಮೋನು ಬ್ಯಾರಿಯ ಮನೆ ಬಂದಾಗ ಅಜ್ಜ ಕೆಂಪು ಗೆರೆಯನ್ನು ಎರಡು ಸಲ ಎಳೆಯುತ್ತಿದ್ದ. ಒಂದು ಸಾಲದಾ ಎಂದರೆ, ಅದು ವೋಟಿಗೆ, ಇದು ಗಾಡಿಗೆ ಎನ್ನುತ್ತಿದ್ದ.

ಆ ಬೂತಿನಲ್ಲೇ ಉಮ್ಮನ ಮೊದಲ ವೋಟು ಬಿದ್ದದ್ದು. ಮೋನು ಬ್ಯಾರಿಯ ಸೊಸೆಯಾಗಿ ಬಂದು ವರ್ಷವಾಗಿರಲಿಲ್ಲ. ಬ್ಯಾರಿಗಳ ಕೇರಿಯ ಹೆಂಗಸರು ಅದುವರೆಗೆ ಬೂತಿನ ಕಡೆ ಹೋದವರಲ್ಲ. ಉಮ್ಮ ಹಟ ಹಿಡಿದು, ತಲೆ ತುಂಬ ಬಿಳಿ ಬಟ್ಟೆ ಎಳೆದುಕೊಂಡು ಸಾಲಿನಲ್ಲಿ ನಿಂತರು. ಗುತ್ತಿನ ಮನೆಯ ಕಡೆಯ ಏಜೆಂಟ್ ತಕರಾರು ತೆಗೆದ. ಮುಖವೇ ಕಾಣದವಳು ಮೋನು ಬ್ಯಾರಿಯ ಸೊಸೆ ಎಂದು ಯಾರು ಹೇಳಬೇಕು ಎಂದ. ಅಧಿಕಾರಿ ಪೆನ್ನು ಕೆಳಗಿಟ್ಟ. ಆಗ ಅಜ್ಜ ಬೆಂಚಿನಿಂದ ಎದ್ದು, ‘ನಾನು ಹೇಳ್ತೇನೆ. ನಮ್ಮ ತೋಡಿನ ಆಚೆ ಮನೆಯ ಮಗಳು ಅದು’ ಎಂದನಂತೆ. ಸೊಸೆ ಎನ್ನಲಿಲ್ಲ, ಮಗಳು ಎಂದ ಎಂದು ಉಮ್ಮ ಈ ಕಥೆ ಹೇಳುವಾಗಲೆಲ್ಲ ಅಲ್ಲಿ ಒಂದು ಸಲ ನಿಲ್ಲಿಸುತ್ತಿದ್ದರು. ಆಮೇಲೆ ಅವರು ಒಂದೂ ಚುನಾವಣೆ ತಪ್ಪಿಸಿದವರಲ್ಲ.

ಊರು ಒಂದೇ ದಿನ ಮಗುಚಿ ಬೀಳಲಿಲ್ಲ. ನನ್ನ ಅಪ್ಪ ಅಜ್ಜನ ಪಕ್ಷಕ್ಕೇ ಹಾಕಿದ, ಆದರೆ ಅಜ್ಜನ ಹಾಗೆ ಎದೆ ತಟ್ಟಿ ಅಲ್ಲ, ಹಳೆ ಚಪ್ಪಲಿ ಬಿಡಲಾಗದವನ ಹಾಗೆ. ನಮ್ಮ ತಲೆಮಾರು ಬೊಂಬಾಯಿಗೆ, ಅಲ್ಲಿಂದ ಗಲ್ಫಿಗೆ ಬಂತು. ಊರಲ್ಲಿ ಹಂಚಿನ ಮಾಡು ಇಳಿದು ತಾರಸಿ ಎದ್ದಿತು. ತಾರಸಿಯ ಮನೆಯಲ್ಲಿ ಹುಟ್ಟಿದ ಮಕ್ಕಳಿಗೆ ಗೇಣಿ ಎಂದರೇನು, ಡಿಕ್ಲರೇಶನ್ ಎಂದರೇನು? ಹೊಳೆ ದಾಟಿದ ಮೇಲೆ ಅಂಬಿಗ ಯಾಕೆ? ಅಜ್ಜನ ಪಟ್ಟಿಯಲ್ಲಿ ಕೆಂಪು ತುಂಬಿದ್ದ ನಮ್ಮ ಬೂತು ಮೊದಲು ಅರ್ಧರ್ಧವಾಯಿತು, ಆಮೇಲೆ ಪೂರ್ತಿ ತಿರುಗಿತು. ಅಜ್ಜನ ಪಕ್ಷದವರೇನು ಸಾಚಾಗಳಲ್ಲ ಬಿಡಿ. ಗೆದ್ದ ಮೇಲೆ ಐದು ವರ್ಷ ತೋಡಿಗೆ ಒಂದು ಸೇತುವೆ ಮಾಡಿಸದವರು. ಆದರೆ ನಾನು ತಿರುಗಿದ್ದು ಸೇತುವೆಗಾಗಿ ಅಲ್ಲ. ಸತ್ಯ ಹೇಳಬೇಕಲ್ಲ. ನನಗೆ ಒಕ್ಕಲಿನವನ ಮೊಮ್ಮಗ ಎನಿಸಿಕೊಳ್ಳುವುದು ನಾಚಿಕೆಯಾಗಿತ್ತು. ಆಚೆ ಪಕ್ಷದ ಸಭೆಯಲ್ಲಿ ಗುತ್ತಿನ ಮನೆಯವರೂ ನಾವೂ ಒಂದೇ ಜಮಖಾನದ ಮೇಲೆ ಕುಳಿತೆವು. ಅಷ್ಟಕ್ಕೇ ನಾನು ಬಿದ್ದೆ. ಆ ಜಮಖಾನದ ಮೇಲೆ ಹಮೀದ್‌ಗೆ ಜಾಗವಿಲ್ಲ ಎಂಬುದು ಕಾಣದೇ ಇರಲಿಲ್ಲ. ಕಂಡದ್ದನ್ನು ಕಾಣದ ಹಾಗೆ ಇರುವುದನ್ನು ಆಗಲೇ ಕಲಿತೆ.

ಅಜ್ಜ ತೀರಿಕೊಂಡ ವರ್ಷ ನಾನು ಮೊದಲ ಸಲ ಆಚೆಗೆ ಹಾಕಿದೆ. ಅವನಿಗೆ ಹೇಳಲಿಲ್ಲ. ಅವನು ಕೇಳಲೂ ಇಲ್ಲ.

ಇಲ್ಲಿಯ ಕೋಣೆಯಲ್ಲಿ ನಾವು ಆರು ಜನ. ರಾಜಕೀಯ ಬೇಡ ಎಂದು ಹಮೀದ್ ಒಂದು ನಿಯಮ ಮಾಡಿದ್ದ, ಮಾತು ಏರಿದರೆ ‘ಖಲಾಸ್’ ಎಂದು ದೀಪ ಆರಿಸಿಬಿಡುವುದು. ನಾನು ಯಾವ ಕಡೆ ಎಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ರಮ್ಜಾನಿನ ಗಂಜಿಯಲ್ಲಿ ಮೊದಲ ಬಟ್ಟಲು ನನಗೇ ಬರುತ್ತಿತ್ತು. ವೋಟು ಬೇರೆ, ಊಟ ಬೇರೆ ಎಂದು ನಾವು ಇಬ್ಬರೂ ನಂಬಿದ್ದೆವು. ಅವನು ನಂಬಿದ್ದ ಎನ್ನುವುದು ಸರಿ.

ಆ ವರ್ಷದ ನವೆಂಬರಿನಲ್ಲಿ ಬೆಳಗ್ಗೆ ಮಂಜು ಎಷ್ಟು ಬೀಳುತ್ತಿತ್ತೆಂದರೆ ಗೋದಾಮಿನ ಗೇಟು ಹತ್ತು ಹೆಜ್ಜೆಗೆ ಕಾಣುತ್ತಿರಲಿಲ್ಲ. ಅಂಥ ಒಂದು ಶನಿವಾರ ನಮ್ಮೂರಿನವರ ಬಳಗದ ಕ್ರಿಕೆಟ್ ಸಭೆ ಎಂದು ಕರೆ ಬಂತು. ಇಲ್ಲಿ ರಾಜಕೀಯ ಸಭೆ ಮಾಡುವ ಹಾಗಿಲ್ಲ, ಆದ್ದರಿಂದ ಎಲ್ಲವೂ ಕ್ರಿಕೆಟ್ಟೇ. ಸಭೆ ಕರೆದವನು ಗುತ್ತಿನ ಮನೆಯ ಸಂತೋಷ್. ಅವನ ಅಜ್ಜನ ಅಂಗಳದ ಕೆಳಗೆ ನನ್ನ ಅಜ್ಜ ನಿಂತಿದ್ದ, ಅವರದೇ ಭೂಮಿ ಈಗ ನಮ್ಮದಾಗಿರುವುದು. ಸಂತೋಷ್ ಇಲ್ಲಿ ದೊಡ್ಡ ವ್ಯವಹಾರದವನು, ಬಳಗದ ಅಧ್ಯಕ್ಷ, ಆಚೆ ಪಕ್ಷಕ್ಕೆ ಬೇಕಾದವನು. ನಾನು ಹಿಂದಿನ ಸಾಲಿನಲ್ಲಿ ಕುಳಿತದ್ದನ್ನು ನೋಡಿ, ‘ಗಂಗಾಧರಣ್ಣ, ಮುಂದೆ ಬನ್ನಿ, ನೀವಿಲ್ಲದೆ ಎಂತ ಸಭೆ ಮಾರಾಯ್ರೆ’ ಎಂದು ಕೈ ಹಿಡಿದು ಕರೆದೊಯ್ದು ತನ್ನ ಪಕ್ಕದಲ್ಲಿ ಕೂರಿಸಿದ. ಅಣ್ಣ ಎಂದ, ಗುತ್ತಿನ ಮನೆಯವನು. ನನ್ನ ಕಿವಿ ಬಿಸಿಯಾಯಿತು. ಅಜ್ಜ ಬದುಕಿದ್ದರೆ ಇದನ್ನು ನೋಡಬೇಕಿತ್ತು ಎಂದುಕೊಂಡೆ. ಮೂರ್ಖನಿಗೆ ಕೊಂಬು ಬೇರೆ ಬೇಕೇ?

ಕೆಲಸ ಸಣ್ಣದು. ಏಪ್ರಿಲಿನಲ್ಲಿ ಚುನಾವಣೆ ಬರುತ್ತದೆ, ವೋಟಿಗೆ ಹೋಗುವವರಿಗೆ ಬಳಗದಿಂದ ಟಿಕೆಟ್ ಕೊಡುತ್ತಾರೆ, ಅದಕ್ಕೊಂದು ಪಟ್ಟಿ ಬೇಕು. ನಮ್ಮ ಬೂತಿನ ಯಾವ ಮನೆಯವರು ಯಾರು ಯಾರು ಎಲ್ಲಿದ್ದಾರೆ, ಯಾವ ಕಡೆ, ಊರಲ್ಲಿ ಯಾರಿದ್ದಾರೆ, ಎಲ್ಲವೂ ಬೇಕು. ನಿಮ್ಮ ಅಜ್ಜ ಮಾಡುತ್ತಿದ್ದ ಹಾಗೆಯೇ ಎಂದ ಸಂತೋಷ್. ಅವನಿಗೆ ಅಜ್ಜನ ಪೆನ್ಸಿಲ್ ಗೊತ್ತಿತ್ತು. ಟಿಕೆಟ್ ಕೊಡುವುದಕ್ಕಾದರೆ ಊರಲ್ಲೇ ಇರುವವರ ಹೆಸರು ಯಾಕೆ ಎಂಬ ಪ್ರಶ್ನೆ ನನ್ನ ತಲೆಗೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಂತು. ಬಂದದ್ದನ್ನು ಕುಳಿತುಕೋ ಎನ್ನದೆ ಬಾಗಿಲಿಂದಲೇ ಕಳಿಸಿದೆ.

ಗೋದಾಮಿನ ಕಂಪ್ಯೂಟರಿನಲ್ಲಿ ಊಟದ ವಿರಾಮದಲ್ಲಿ ಕುಳಿತು ಮೂರು ವಾರದಲ್ಲಿ ಮುಗಿಸಿದೆ. ಟೈಲ್ಸಿನ ಲೆಕ್ಕ ಇಡುವ ಹಾಗೆಯೇ: ಮನೆಯ ಹೆಸರು, ತಲೆ ಎಷ್ಟು, ಎಲ್ಲಿ, ಕೊನೆಯಲ್ಲಿ ಷರಾ. ಕೆಂಪು ಮತ್ತು ನೀಲಿ ಬಣ್ಣವನ್ನೂ ಹಾಕಿದೆ, ಆದರೆ ಕೆಂಪು ಈಗ ನಮ್ಮ ಹೊಸ ಪಕ್ಷ. ಅಜ್ಜ ಎರಡೆರಡು ಸಲ ಕೆಂಪು ಎಳೆದಿದ್ದ ಮನೆಗೆ ನಾನು ನೀಲಿ ತುಂಬಿದೆ.

ಆ ಮನೆಯ ಷರಾ ಖಾಲಿ ಇತ್ತು. ಸ್ಟೋರ್‌ಕೀಪರನಿಗೆ ಖಾಲಿ ಕಾಲಂ ಎಂದರೆ ಹಲ್ಲಿಗೆ ಸಿಕ್ಕಿದ ನಾರು. ಆಗ ಉಮ್ಮ ಶಾರ್ಜಾದಲ್ಲಿದ್ದರು. ಹಮೀದ್‌ನ ತಂಗಿ ಅಲ್ಲಿ ಸಂಸಾರ ಮಾಡಿಕೊಂಡಿದ್ದಾಳೆ, ಅವಳ ಬಾಣಂತನಕ್ಕೆ ವಿಸಿಟ್ ವೀಸಾದಲ್ಲಿ ಬಂದಿದ್ದರು. ಹಮೀದ್‌ನ ಹೆಂಡತಿ ಮಕ್ಕಳನ್ನು ಕರೆದುಕೊಂಡು ತವರಿಗೆ ಹೋಗಿದ್ದಳು. ಎರಡು ತಿಂಗಳ ಮಾತು ಅದು. ಹಿಂದಿನ ಭಾನುವಾರವಷ್ಟೇ ನಾವಿಬ್ಬರೂ ಶಾರ್ಜಾಕ್ಕೆ ಹೋಗಿ ಮಗುವನ್ನು ನೋಡಿ ಬಂದಿದ್ದೆವು. ಉಮ್ಮ ಊರಿನಿಂದ ತಂದ ಒಣಮೀನನ್ನು ಎರಡು ಪಾಲು ಮಾಡಿ, ಒಂದನ್ನು ನನ್ನ ಕೈಗೇ ಕೊಟ್ಟು, ಹಮೀದ್‌ನ ಕೈಯಲ್ಲಿ ಕೊಟ್ಟರೆ ನಿನಗೆ ಮುಳ್ಳು ಮಾತ್ರ ಸಿಕ್ಕೀತು ಎಂದಿದ್ದರು. ಮನೆಗೆ ಬೀಗ ಹಾಕಿ ಕೀಲಿಕೈ ನಿನ್ನ ಹೆಂಡತಿಯ ಹತ್ತಿರ ಕೊಟ್ಟು ಬಂದಿದ್ದೇನೆ ಎಂದೂ ಅಂದಿದ್ದರು. ಆ ಮಾತೇ ನೆನಪಿಗೆ ಬಂತು. ಷರಾದಲ್ಲಿ ಬರೆದೆ: ಮನೆಗೆ ಬೀಗ. ಎಲ್ಲರೂ ಗಲ್ಫ್.

ಎಲ್ಲರೂ ಗಲ್ಫ್ ಎಂದು ಯಾಕೆ ಬರೆದೆ? ಎರಡು ವರ್ಷದಿಂದ ಕೇಳಿಕೊಳ್ಳುತ್ತಿದ್ದೇನೆ. ಕಾಲಂನಲ್ಲಿ ಜಾಗ ಇತ್ತು, ಬರೆದೆ. ಅಷ್ಟೇ. ಇದಕ್ಕಿಂತ ದೊಡ್ಡ ಕಾರಣ ಇದ್ದಿದ್ದರೆ ಒಳ್ಳೆಯದಿತ್ತು, ಕಡೇಪಕ್ಷ ದ್ವೇಷ ಎಂದಾದರೂ ಹೇಳಬಹುದಿತ್ತು. ಪಟ್ಟಿ ಕಳಿಸಿದ ಮೇಲೆ ಸಂತೋಷ್ ಎರಡು ಕೈ ಮುಗಿದ ಚಿತ್ರ ಕಳಿಸಿದ. ಅದನ್ನು ತೆರೆದು ಎಷ್ಟು ಸಲ ನೋಡಿದೆನೋ.

ಚಳಿಗಾಲ ಮುಗಿಯಿತು. ಉಮ್ಮ ಡಿಸೆಂಬರಿನ ಕೊನೆಯಲ್ಲಿ ಊರಿಗೆ ಹೋದರು, ಕೀಲಿಕೈ ವಾಪಸು ತೆಗೆದುಕೊಂಡರು. ರಮ್ಜಾನ್ ಬಂತು. ಸಂಜೆ ಬಾಂಗಿಗೆ ಮೊದಲು ಹಮೀದ್ ಲಾರಿ ನಿಲ್ಲಿಸಿ ಓಡಿ ಬರುತ್ತಿದ್ದ, ಅವನು ಬರುವಷ್ಟರಲ್ಲಿ ಖರ್ಜೂರ ಬಿಡಿಸಿ ತಟ್ಟೆಗೆ ಹಾಕುವುದು ನನ್ನ ಕೆಲಸ. ಊರಿಂದ ಮಗ ಅಭಿ ಫೋನ್ ಮಾಡುತ್ತಿದ್ದ. ಹಿಂದಿನ ಮಳೆಗಾಲದಲ್ಲಷ್ಟೇ ಹದಿನೆಂಟು ತುಂಬಿ ಅವನ ಹೆಸರು ಪಟ್ಟಿಗೆ ಸೇರಿತ್ತು, ಕಾಲೇಜಿಗಿಂತ ಪಕ್ಷದ ಕಚೇರಿಯಲ್ಲೇ ಹೆಚ್ಚು ಹೊತ್ತು ಇರುತ್ತಿದ್ದ. ಬೂತಿನ ಕೆಲಸ ಎಲ್ಲ ನಾನೇ ನೋಡಿಕೊಳ್ಳುವುದು ಅಪ್ಪಾ ಎನ್ನುತ್ತಿದ್ದ. ಮುತ್ತಜ್ಜನ ಹಾಗೆ ಎಂದು ನಾನೇ ಉಬ್ಬಿಸಿದೆ.

ಏಪ್ರಿಲಿನಲ್ಲಿ ಆ ಮಳೆ ಬಿತ್ತು. ಈ ಊರು ಅಂಥ ಮಳೆ ಕಂಡದ್ದಿಲ್ಲ. ಅಲ್ ಕೂಜ್‌ನ ರಸ್ತೆಗಳು ಹೊಳೆಯಾದವು, ಗೋದಾಮಿನೊಳಗೆ ಮೊಣಕಾಲುದ್ದ ನೀರು. ಎರಡು ದಿನ ಹಮೀದ್ ಮತ್ತು ನಾನು ಒದ್ದೆ ಪೆಟ್ಟಿಗೆಗಳನ್ನು ಎತ್ತಿ ಎತ್ತಿ ಅಟ್ಟಕ್ಕೆ ಹಾಕಿದೆವು. ಊರ ತೋಡಿನಲ್ಲಿ ಈಜು ಕಲಿತದ್ದು ಕೊನೆಗೂ ಕೆಲಸಕ್ಕೆ ಬಂತು ನೋಡು ಎಂದು ಹಮೀದ್ ನಗಾಡಿದ. ನನ್ನ ಪಾಸ್‌ಪೋರ್ಟ್ ಇದ್ದ ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತು ಕಟ್ಟಡಕ್ಕೆ ದಾಟಿಸಿದವನು ಅವನೇ. ಮೋನು ಬ್ಯಾರಿಯ ಗಾಡಿ ನನಗೆ ಆಗ ನೆನಪಾಗಲಿಲ್ಲ. ಈಗ ದಿನಾ ಆಗುತ್ತದೆ.

ವಿಮಾನಗಳು ಮತ್ತೆ ಹೊರಟಾಗ ಹಮೀದ್ ತನ್ನ ರಜೆಯಲ್ಲಿ, ತನ್ನ ಟಿಕೆಟಿನಲ್ಲಿ ಮೊದಲು ಹೋದ. ನಾನು ಬಳಗದ ಟಿಕೆಟಿನಲ್ಲಿ ಎರಡು ದಿನ ಬಿಟ್ಟು ಹೋದೆ. ಇಬ್ಬರೂ ಹೋದದ್ದು ವೋಟಿಗೇ.

ವೋಟಿನ ದಿನ ಬೆಳಗ್ಗೆ ಎಂಟಕ್ಕೇ ಶಾಲೆಯ ಅಂಗಳ ಬಿಸಿಯೇರಿತ್ತು. ಮತಗಟ್ಟೆಯಿಂದ ದೂರ, ಗೇಟಿನ ಹೊರಗೆ ಮೇಜು ಹಾಕಿಕೊಂಡು ಅಭಿ ಚೀಟಿ ಬರೆದುಕೊಡುತ್ತಿದ್ದ. ಮಗನನ್ನು ನೋಡಿ ಹೆಮ್ಮೆಯಿಂದಲೇ ಹತ್ತಿರ ಹೋದೆ. ಮೇಜಿನ ಮೇಲೆ ನನ್ನ ಪಟ್ಟಿ ಇತ್ತು. ನನ್ನ ಕಾಲಂಗಳು, ನನ್ನ ಕೆಂಪು, ನನ್ನ ನೀಲಿ. ನೀಲಿ ಮನೆಗಳಲ್ಲಿ ಕೆಲವಕ್ಕೆ ಪೆನ್ನಿನಲ್ಲಿ ಅಡ್ಡ ಗೆರೆ ಹೊಡೆದಿತ್ತು. ಗೆರೆ ಹೊಡೆದ ಮನೆಗಳಲ್ಲಿ ಮೊದಲನೆಯದು ತೋಡಿನ ಆಚೆಯದು. ಇದೆಂತ ಎಂದು ಕೇಳಿದೆ. ಊರಲ್ಲಿ ಇಲ್ಲದವರ ಹೆಸರು ತೆಗೆಸಿದ್ದು, ಪ್ರೊಸೀಜರ್ ಉಂಟು, ಆಕ್ಷೇಪಣೆ ಅರ್ಜಿ ಹಾಕಿ ನೋಟಿಸ್ ಹೋಗಿ ಎಲ್ಲ ಕ್ರಮಪ್ರಕಾರವೇ ಎಂದ. ನೋಟಿಸ್ ಹೋದದ್ದು ಡಿಸೆಂಬರಿನಲ್ಲಿ, ಬೀಗ ಹಾಕಿದ ಬಾಗಿಲಿಗೆ. ಊರಲ್ಲಿ ಇಲ್ಲದವನು ನಾನೂ ಅಲ್ಲವೇನೋ ಎಂದೆ. ಅಭಿ ನಕ್ಕ. ನೀವು ನಮ್ಮವರಲ್ವಾ ಅಪ್ಪಾ ಎಂದ.

ಅಷ್ಟು ಹೊತ್ತಿಗೆ ಉಮ್ಮ ಬಂದರು. ಹಮೀದ್ ಕೈ ಹಿಡಿದಿದ್ದ. ಇಸ್ತ್ರಿ ಮಾಡಿದ ಬಿಳಿ ಬಟ್ಟೆ ತಲೆಯ ಮೇಲೆ, ಕೈಯಲ್ಲಿ ಗುರುತಿನ ಚೀಟಿ. ಚುನಾವಣೆಯ ದಿನ ಅವರು ಮದುವೆಗೆ ಹೊರಟವರ ಹಾಗೆ ಹೊರಡುತ್ತಿದ್ದರು. ನನ್ನನ್ನು ಕಂಡು, ಯಾವಾಗ ಬಂದದ್ದು, ಮನೆಗೆ ಬರಲಿಲ್ಲ, ತೆಳ್ಳಗಾಗಿದ್ದೀಯಾ ಎಂದು ಗದರಿಸಿಯೇ ಸಾಲಿಗೆ ನಿಂತರು. ನಾನು ಗಂಡಸರ ಸಾಲಿನಲ್ಲಿ, ಅವರಿಗಿಂತ ನಾಲ್ಕು ಮಾರು ಹಿಂದೆ. ಹೇಳಬಹುದಿತ್ತು. ಉಮ್ಮ, ಹೋಗಬೇಡಿ, ನಿಮ್ಮ ಹೆಸರಿಲ್ಲ ಎಂದು ಆಗಲೇ ಹೇಳಬಹುದಿತ್ತು. ಆದರೆ ನಿನಗೆ ಹೇಗೆ ಗೊತ್ತು ಎಂದು ಕೇಳಿದರೆ?

ಒಳಗೆ ಅಧಿಕಾರಿ ಪುಟ ತಿರುಗಿಸಿದ, ಮತ್ತೆ ತಿರುಗಿಸಿದ. ಹೆಸರಿಲ್ಲ ಎಂದ. ಉಮ್ಮ ಗುರುತಿನ ಚೀಟಿ ತೋರಿಸಿದರು. ಚೀಟಿ ಇದ್ದರೆ ಆಗುವುದಿಲ್ಲಮ್ಮ, ಪಟ್ಟಿಯಲ್ಲಿರಬೇಕು ಎಂದ. ಉಮ್ಮ ಸುತ್ತ ನೋಡಿದರು. ಏಜೆಂಟರ ಬೆಂಚಿನಲ್ಲಿ ಕುಳಿತ ಹುಡುಗರಲ್ಲಿ ಒಬ್ಬನ ಮುಖವೂ ಅವರಿಗೆ ಗೊತ್ತಿರಲಿಲ್ಲ. ಆಗ ಬಾಗಿಲಲ್ಲಿ ನಿಂತಿದ್ದ ನಾನು ಅವರ ಕಣ್ಣಿಗೆ ಬಿದ್ದೆ. ಅವರ ಮುಖ ಅರಳಿತು.

‘ಅಗೋ ಅವನನ್ನು ಕೇಳಿ. ಇವನ ಅಜ್ಜನೇ ನನಗೆ ಗುರ್ತ ಹೇಳಿದ್ದು. ಗಂಗಾ, ಹೇಳು ಮಗಾ, ನಾನು ಯಾರು ಅಂತ.’

ಶಾಲೆಯ ಕೋಣೆಯಲ್ಲಿ ಎಲ್ಲರೂ ನನ್ನನ್ನು ನೋಡಿದರು. ಗುರುತು ಹೇಳಿದರೂ ಪ್ರಯೋಜನವಿಲ್ಲ ಉಮ್ಮ, ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಯಾರೂ ಏನೂ ಮಾಡಲಿಕ್ಕಾಗುವುದಿಲ್ಲ ಎಂದೆ. ಕಾನೂನಿನ ಪ್ರಕಾರ ನೂರಕ್ಕೆ ನೂರು ಸರಿಯಾದ ಮಾತು. ನನ್ನ ಜೀವಮಾನದಲ್ಲಿ ಅಷ್ಟು ಹೊಲಸು ಮಾತು ನಾನು ಆಡಿದ್ದಿಲ್ಲ. ಇವರು ನಮ್ಮ ತೋಡಿನ ಆಚೆ ಮನೆಯವರು ಎಂದು ಎದ್ದು ಹೇಳಿದ್ದರೆ ಅವರಿಗೆ ವೋಟು ಸಿಗುತ್ತಿರಲಿಲ್ಲ ಹೌದು, ಆದರೆ ಅವರು ಕೇಳಿದ್ದು ವೋಟಲ್ಲ.

ಉಮ್ಮ ಚೀಟಿಯನ್ನು ಮಡಚಿ ಸೆರಗಿನಲ್ಲಿ ಕಟ್ಟಿಕೊಂಡು ಹೊರಟರು. ಹಮೀದ್‌ನ ಹೆಸರೂ ಇರಲಿಲ್ಲ, ಅವನ ಹೆಂಡತಿಯದೂ ಇರಲಿಲ್ಲ. ಮೋನು ಬ್ಯಾರಿಯ ಮನೆಯ ಸಂಖ್ಯೆಯೇ ಪಟ್ಟಿಯಿಂದ ಎದ್ದುಹೋಗಿತ್ತು. ನಾನು ಒಳಗೆ ಹೋದೆ, ಬೆರಳು ಚಾಚಿದೆ, ಶಾಯಿ ಹಾಕಿಸಿಕೊಂಡು ವೋಟು ಒತ್ತಿ ಬಂದೆ. ಹೌದು, ಹಾಕಿದೆ. ಅದೇ ಪಕ್ಷಕ್ಕೇ. ಅಲ್ಲಿಯವರೆಗೆ ಹೋಗಿ ಹಾಕದೆ ಬರುವಷ್ಟು ಮನುಷ್ಯತ್ವವೂ ನನ್ನಲ್ಲಿ ಉಳಿದಿರಲಿಲ್ಲ.

ರಾತ್ರಿ ಊಟಕ್ಕೆ ಕುಳಿತಾಗ ಅಭಿಗೆ ಬೈದೆ. ಒಂದು ಮುದುಕಿಯ ವೋಟು ಕಿತ್ತುಕೊಂಡಿರಲ್ಲೋ ಎಂದೆ. ಅವನು ಗಾಬರಿಯಾಗಲಿಲ್ಲ. ಮುಖ ಎತ್ತಿ ನೆಟ್ಟಗೆ ನೋಡಿದ. ‘ನಾನು ಸುಳ್ಳು ಬರೆದದ್ದಾ ಅಪ್ಪಾ? ನೀವು ಬರೆದದ್ದನ್ನೇ ನೋಡಿ ಬರೆದದ್ದು’ ಎಂದ. ಹೆಂಡತಿ ಸಾರಿನ ಸೌಟು ಹಿಡಿದು ನಿಂತವಳು ನನ್ನ ಮುಖ ನೋಡಿದಳು. ಕೀಲಿಕೈ ಎರಡು ತಿಂಗಳು ಇವಳ ಮೊಳೆಗೇ ನೇತಾಡಿತ್ತಲ್ಲ. ನಾನು ಅನ್ನ ಕಲಸುತ್ತಾ ಕುಳಿತೆ, ಉಣ್ಣಲಿಲ್ಲ.

ನಾನು ಮರುದಿನವೇ ವಾಪಸು ಬಂದುಬಿಟ್ಟೆ, ತೋಡು ದಾಟಲಿಲ್ಲ. ಹಮೀದ್ ಹತ್ತು ದಿನ ಬಿಟ್ಟು ಬಂದ. ಬಂದವನು ಬ್ಯಾಗು ಇಡುವ ಮೊದಲು ಒಂದು ಕಾಗದವನ್ನು ನನ್ನ ಹಾಸಿಗೆಯ ಮೇಲೆ ಇಟ್ಟ. ತಾಲೂಕು ಕಚೇರಿಯಲ್ಲಿ ನಾಲ್ಕು ದಿನ ಅಲೆದು ತೆಗೆಸಿದ ಆಕ್ಷೇಪಣೆಯ ಪ್ರತಿ. ಅವನ ಅಜ್ಜ ನನ್ನ ಅಜ್ಜನನ್ನು ಮುಟ್ಟಿಸಿದ್ದ ಅದೇ ಕಚೇರಿ. ಕೆಳಗೆ ನನ್ನ ಮಗನ ಸಹಿ, ಇನ್ನೂ ಮಕ್ಕಳ ಅಕ್ಷರದ್ದು. ಕಾರಣದ ಜಾಗದಲ್ಲಿ: ಮನೆಗೆ ಬೀಗ, ಎಲ್ಲರೂ ಗಲ್ಫ್.

ಹಮೀದ್ ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ಏನಾದರೂ ಒದರಿ ಮುಗಿಸುತ್ತಿದ್ದೆ. ‘ಅಭಿ ಹುಡುಗ. ಅವನಿಗೆ ಬೀಗ ಮಾತ್ರ ಕಂಡದ್ದು. ಉಮ್ಮ ಶಾರ್ಜಾದಲ್ಲಿ ಅಂತ ಗೊತ್ತಿದ್ದವ ಈ ಕೋಣೆಯಲ್ಲಿ ಒಬ್ಬನೇ’ ಎಂದ. ಟಿಕೆಟಿಗೆ ಪಟ್ಟಿ ಕೇಳಿದ್ದರು, ಹೀಗಾಗುತ್ತದೆ ಎಂದು ಗೊತ್ತಿರಲಿಲ್ಲ ಎಂದು ನಾನು ತೊದಲಿದೆ. ಅವನು ಕೇಳಿಸಿಕೊಂಡ. ಆಮೇಲೆ ‘ಖಲಾಸ್’ ಎಂದು ದೀಪ ಆರಿಸಿದ. ತಿಂಗಳು ತುಂಬುವ ಮೊದಲು ನಾನೇ ಕೇಳಿಕೊಂಡು ನೈಫ್‌ನಲ್ಲಿರುವ ಕಂಪನಿಯ ಅಂಗಡಿಗೆ ವರ್ಗ ಮಾಡಿಸಿಕೊಂಡೆ, ಮುಹೈಸ್ನಾದ ಕ್ಯಾಂಪಿಗೆ ಸಾಮಾನು ಸಾಗಿಸಿದೆ. ಸಂತೋಷ್ ಆಮೇಲೆ ಒಂದು ಸಲವೂ ಫೋನ್ ಮಾಡಲಿಲ್ಲ. ನೈಫ್‌ನ ಬೀದಿಯಲ್ಲಿ ಒಮ್ಮೆ ಎದುರಾದಾಗ ಹೆಸರು ನೆನಪಾಗದೆ ತಡವರಿಸಿದ, ಕೊನೆಗೆ ಮಾರಾಯ್ರೆ ಎಂದು ಮುಗಿಸಿದ. ಅಜ್ಜ ಅಂಗಳದ ಕೆಳಗಾದರೂ ನಿಂತಿದ್ದ. ನಾನು ಈಗ ಎಲ್ಲಿ ನಿಂತಿದ್ದೇನೆ ಎಂದು ನನಗೇ ತಿಳಿಯದು.

ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದಾಯಿತು. ಹಮೀದ್ ಇಳಿದು ಬಂದ. ಗಡ್ಡ ಬೆಳ್ಳಗಾಗಿದೆ. ಕೈಯಲ್ಲಿ ಪೇಪರಿನಲ್ಲಿ ಸುತ್ತಿ ದಾರ ಕಟ್ಟಿದ ಕಟ್ಟು. ಉಮ್ಮ ಕೊಟ್ಟದ್ದು, ನಿನ್ನ ಪಾಲು ಎಂದ. ನಾನು ಎದ್ದು ನಿಂತೆ. ಕೈ ಚಾಚಲು ಆಗಲಿಲ್ಲ.

ಉಮ್ಮನಿಗೆ ಗೊತ್ತುಂಟಾ ಎಂದು ಕೇಳಿದೆ. ಎರಡು ವರ್ಷದಿಂದ ಗಂಟಲಲ್ಲಿದ್ದ ಪ್ರಶ್ನೆ.

‘ಇಲ್ಲ. ಕಚೇರಿಯವರ ತಪ್ಪು ಅಂತ ಈಗಲೂ ಅವರಿಗೇ ಬೈತಾಳೆ’ ಎಂದ ಹಮೀದ್. ‘ವೋಟು ಹೋದದ್ದು ಹೋಯ್ತು. ಮಗನ ಹಾಗೆ ಇದ್ದವನೂ ಹೋದ ಅಂತ ನಾನು ಹೇಗೆ ಹೇಳ್ಲಿ?’

ಆಮೇಲೆ ಅವನು ಹೇಳಿದ್ದು ಇಷ್ಟು. ಹೊಸದಾಗಿ ಅರ್ಜಿ ಹಾಕಿ ಉಮ್ಮನ ಹೆಸರು ಮತ್ತೆ ಸೇರಿಸಿದ್ದಾನೆ. ಹೊಸ ಹೆಸರುಗಳು ಪಟ್ಟಿಯ ಕೊನೆಗೆ ಬರುತ್ತವೆ, ಹಾಗಾಗಿ ಅವರೀಗ ಹದಿನೆಂಟು ತುಂಬಿದ ಮಕ್ಕಳ ಕೆಳಗೆ ಇದ್ದಾರೆ. ಪಂಚಾಯತ್ ಚುನಾವಣೆ ಬರುವುದರಲ್ಲಿದೆ. ಉಮ್ಮನಿಗೆ ಧೈರ್ಯವಿಲ್ಲ, ಬೂತಿನಲ್ಲಿ ಮತ್ತೆ ಎಲ್ಲರೆದುರು ಯಾರು ನೀನು ಎಂದು ಕೇಳಿದರೆ ಎಂಬ ಭಯ. ಅದಕ್ಕೇ ಈ ಸಲ ಮೀನಿನ ಜೊತೆ ಮಾತೂ ಕಳಿಸಿದ್ದಾರೆ. ಕಳೆದ ಸಲ ಪಾಪ ಗಂಗನ ಮಾತು ನಡೆಯಲಿಲ್ಲ, ಹೆಸರೇ ಇರಲಿಲ್ಲವಲ್ಲ. ಈ ಸಲ ಹೆಸರುಂಟು. ಅವನು ಬಂದು ಪಕ್ಕದಲ್ಲಿ ನಿಂತು ಗುರುತು ಹೇಳಿದರೆ ಸಾಕು. ಅವನ ಅಜ್ಜನ ಹಾಗೆ.

ಹಮೀದ್ ಕಟ್ಟನ್ನು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚಿಸಿದ. ಪೇಪರಿನೊಳಗಿಂದ ಉಪ್ಪಿನ ಹರಳುಗಳು ಚುಚ್ಚುತ್ತಿದ್ದವು. ನೀನು ಉಮ್ಮನಿಗೆ ಏನು ಹೇಳಿದೆ ಎಂದು ಕೇಳಿದೆ. ಅವನು ಆಗಲೇ ತಿರುಗಿ ಮೆಟ್ಟಿಲು ಹತ್ತುತ್ತಿದ್ದ.

‘ಬರ್ತಾನೆ ಅಂತ ಹೇಳಿದ್ದೇನೆ’ ಎಂದ.